ಮಂಗಳವಾರವೇ ಮೈಸೂರಿಗೆ ಹೋಗುವುದು

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ವರ್ಷಕ್ಕೊಂದು ದಿನ ಒಂಬತ್ತನೇ ತರಗತಿ ಮಕ್ಕಳನ್ನು ಮೈಸೂರಿನ ಕಾಲೇಜುಗಳಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಹತ್ತನೆಯವರನ್ನು ಯಾಕೆ ಕರೆದೊಯ್ಯುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನವೆಂಬರ್ ಬಂತೆಂದರೆ ಅವರಿಗೆ ವಿಶೇಷ ತರಗತಿ, ಮೇಲಿಂದ ಮೇಲೆ ಪರೀಕ್ಷೆ. ಒಂಬತ್ತನೆಯವರಾದರೆ ನೋಡಿದ್ದನ್ನು ಮನೆಯಲ್ಲಿ ಹೇಳಿ, ಜಗಳ ಆಡಿ, ಅಪ್ಪ ಅಮ್ಮನನ್ನು ಒಪ್ಪಿಸುವುದಕ್ಕೆ ಒಂದು ವರ್ಷ ಕೈಯಲ್ಲಿರುತ್ತದೆ.

ದಿನ ಮಾತ್ರ ಮಂಗಳವಾರವೇ. ಅವತ್ತು ಮೈಸೂರು ಮೃಗಾಲಯಕ್ಕೆ ರಜೆ, ಅಷ್ಟೇ ಕಾರಣ! ಬೇರೆ ದಿನ ಇಟ್ಟುಕೊಂಡರೆ ಪೋಷಕರ ಸಭೆಯಲ್ಲೇ ಶುರುವಾಗುತ್ತದೆ: 'ಅಷ್ಟು ದೂರ ಹೋಗಿ ಬರೀ ಕಾಲೇಜಾ ಮೇಷ್ಟ್ರೇ? ಹಂಗೇ ಝೂನೂ ತೋರ್ಸ್ಬಿಡಿ.' ಝೂ ಸೇರಿಸಿದರೆ ಅರ್ಧ ದಿನ ಹೋಯಿತು. ಮಕ್ಕಳ ಮನಸ್ಸಂತೂ ಬೆಳಗ್ಗೆಯಿಂದಲೇ ಜಿರಾಫೆ ಹತ್ತಿರ ಇರುತ್ತದೆ.

ಕಾಗದ ಪತ್ರದ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ ಸಭೆಯ ಒಪ್ಪಿಗೆ, ಪೋಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಅನುಮತಿ, ಡಿಪೋದಲ್ಲಿ ಹಣ ಕಟ್ಟಿ ಕೆಎಸ್‌ಆರ್‌ಟಿಸಿ ಬಸ್ಸು. ಜೊತೆಗೆ ಒಬ್ಬರಾದರೂ ಶಿಕ್ಷಕಿ ಬರಲೇಬೇಕು. ಕಾಲೇಜಿಗೆ ಪತ್ರ ಬರೆಯುವ ಮುಂಚೆ ಒಂದು ಫೋನ್ ಮಾಡಿ ಅಲ್ಲಿ ಪರೀಕ್ಷೆ ಯಾವಾಗ ಅಂತ ಕೇಳಿಕೊಳ್ಳುತ್ತೇನೆ. ಪರೀಕ್ಷೆ ನಡೆಯುವಾಗ ಹೋದರೆ ಖಾಲಿ ಕಾರಿಡಾರ್ ನೋಡಿಕೊಂಡು ಬರಬೇಕು.

ಎಲ್ಲಿಗೆ ಹೋಗಬೇಕು ಅನ್ನುವುದರಲ್ಲೇ ಇರುವುದು ಅಸಲಿ ಕೆಲಸ. ಜಾಸ್ತಿ ಶಾಲೆಗಳು ಹೆಸರಿರುವ ಎಂಜಿನಿಯರಿಂಗ್ ಕಾಲೇಜಿನ ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತವೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಎಸ್ಸೆಸ್ಸೆಲ್ಸಿ ಆದ ತಕ್ಷಣ ಒಂದು ದಾರಿ ಹಿಡಿಯಬೇಕಾದವರು. ಹಾಗಾಗಿ ಬಸ್ಸು ಮೊದಲು ನಿಲ್ಲುವುದು ಕೈಗಾರಿಕಾ ಪ್ರದೇಶದ ಕಡೆ ಇರುವ ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಇಲ್ಲಿ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ತಯಾರಿಸುವ ಡಿಪ್ಲೊಮಾ ಇದೆ. ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ವರ್ಕ್‌ಶಾಪಿನ ಸದ್ದಿನಲ್ಲಿ ಇಡೀ ಬಸ್ಸಿನ ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿದರೆ ಹಿಂದಿನವರಿಗೆ ಏನೂ ಕೇಳಿಸದು. ಹತ್ತು ಹನ್ನೆರಡು ಮಕ್ಕಳ ಗುಂಪು, ಗುಂಪಿಗೊಬ್ಬ ಮೇಷ್ಟ್ರು, ಅದಕ್ಕಿಂತ ದೊಡ್ಡದು ಬೇಡ.

ಅಲ್ಲಿಂದ ಮಾನಸಗಂಗೋತ್ರಿ. ಆವರಣಕ್ಕೆ ಆ ಹೆಸರು ಇಟ್ಟವರು ಕುವೆಂಪು ಅಂತ ಬಸ್ಸಿನಲ್ಲೇ ಹೇಳಿ ಮುಗಿಸುತ್ತೇನೆ, ಅಲ್ಲಿ ಇಳಿದು ಭಾಷಣ ಮಾಡುವುದಿಲ್ಲ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವುದು ಪಕ್ಕದ ವಾಕ್ ಶ್ರವಣ ಸಂಸ್ಥೆಯನ್ನು. ಸದ್ದು ಒಳಗೆ ಬಾರದ ಸಣ್ಣ ಕೋಣೆಯಲ್ಲಿ ಒಬ್ಬ ಹುಡುಗನನ್ನು ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು. ಗಾಜಿನ ಈಚೆ ನಿಂತ ಅಕ್ಕ ಸದ್ದನ್ನು ಇಳಿಸುತ್ತಾ ಹೋದರು. ಅವನು ಕಣ್ಣು ಮುಚ್ಚಿ, ಉಸಿರು ಹಿಡಿದು, ಬೆರಳನ್ನು ಅರ್ಧ ಎತ್ತಿ, ಅನುಮಾನದಿಂದ ಮತ್ತೆ ಇಳಿಸಿದ. ಹೊರಗೆ ಬಂದವನೇ ಕೇಳಿದ: 'ಸಾ, ನಮ್ಮಜ್ಜಿಗೂ ಹಿಂಗೇ ನೋಡ್ತಾರಾ?' ಕಿವಿ ಪರೀಕ್ಷೆ ಮಾಡುವುದನ್ನೂ ಮಾತು ಕಲಿಸುವುದನ್ನೂ ಪಿಯುಸಿ ವಿಜ್ಞಾನದ ನಂತರ ಡಿಗ್ರಿಯಾಗಿ ಓದಬಹುದು ಅಂತ ಆ ಅಕ್ಕ ಹೇಳುವ ತನಕ ಒಬ್ಬರಿಗೂ ಗೊತ್ತಿರಲಿಲ್ಲ. ಹತ್ತಿರದಲ್ಲೇ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇದೆ. ಪಿಯುಸಿ ಆದ ಮೇಲೆ ಪ್ರವೇಶ ಪರೀಕ್ಷೆ ಬರೆದು ಸೇರಿದರೆ ನಾಲ್ಕು ವರ್ಷಕ್ಕೆ ಡಿಗ್ರಿ, ಬಿಎಡ್ ಎರಡೂ ಕೈಗೆ ಬರುತ್ತವೆ. ಟೀಚರ್ ಆಗುತ್ತೇನೆ ಅನ್ನುವ ಹುಡುಗಿಯರು ಪ್ರತಿ ಸಲ ಇದ್ದೇ ಇರುತ್ತಾರೆ, ಅವರಿಗೆ ಇದನ್ನು ತೋರಿಸದೆ ಬರುವುದಿಲ್ಲ.

ಹೊರಡುವ ಮುಂಚಿನ ವಾರ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಬೇಕು. 'ಈ ಕಟ್ಟಡ ಯಾವಾಗ ಕಟ್ಟಿದ್ದು' ಅಂತ ಬರೆದರೆ ಹೊಡೆದು ಹಾಕುತ್ತೇನೆ. 'ನಿಮ್ಮೂರು ಯಾವುದು? ನೀವು ಯಾವ ಮೀಡಿಯಂ? ಮೊದಲ ವರ್ಷ ಯಾವ ಸಬ್ಜೆಕ್ಟ್ ಕಷ್ಟ ಆಯ್ತು?' ಇವನ್ನು ಕೇಳಲಿ. ಉತ್ತರವನ್ನೂ ಅಲ್ಲಿ ಓದುತ್ತಿರುವವರೇ ಕೊಡಬೇಕು. ಪತ್ರದಲ್ಲೇ ಕೇಳಿಕೊಳ್ಳುತ್ತೇನೆ, ನಮ್ಮ ಜಿಲ್ಲೆಯ ವಿದ್ಯಾರ್ಥಿ ಇದ್ದರೆ ಮಾತಾಡಿಸಿ ಅಂತ. ಕೊಳ್ಳೇಗಾಲ ಕಡೆಯ ಹುಡುಗನೊಬ್ಬ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಕೂತಿದ್ದನ್ನೂ, ಸೀನಿಯರ್ ನೋಟ್ಸ್ ಇಸಿದುಕೊಂಡು ಸುಧಾರಿಸಿಕೊಂಡಿದ್ದನ್ನೂ ನಮ್ಮ ಕಡೆ ಮಾತಿನಲ್ಲೇ ಹೇಳಿದ. ಪ್ರಾಂಶುಪಾಲರ ಭಾಷಣದಲ್ಲಿ ಇದು ಸಿಗುವುದಿಲ್ಲ, ಅಲ್ವಾ?

ಒಂದು ಖಾಸಗಿ ಕಾಲೇಜಿನವರು ತಾವೇ ಕರೆದರು, ಊಟವನ್ನೂ ಹಾಕಿದರು. ಎಸಿ ಹಾಲ್‌ನಲ್ಲಿ ಒಂದು ವಿಡಿಯೊ ತೋರಿಸಿ, ಫಾರ್ಮಿನಲ್ಲಿ ಪೋಷಕರ ಮೊಬೈಲ್ ನಂಬರ್ ಬರೆಸಿಕೊಂಡರು. ಪ್ರಯೋಗಾಲಯದ ಬಾಗಿಲು ಮಾತ್ರ ತೆಗೆಯಲಿಲ್ಲ. ತಿಂಗಳುಗಟ್ಟಲೆ ಮನೆಗಳಿಗೆ ಫೋನು. ಈಗ ಯಾರು ಫಾರ್ಮ್ ಕೊಟ್ಟರೂ ಶಾಲೆಯ ನಂಬರನ್ನೇ ಬರೆಸುತ್ತೇನೆ.

ಮಧ್ಯಾಹ್ನದ ಊಟ ಕಾಲೇಜಿನ ಕ್ಯಾಂಟೀನಿನಲ್ಲೇ. ಚಿತ್ರಾನ್ನ ಕಟ್ಟಿಕೊಂಡು ಹೋದರೆ ಮರದ ಕೆಳಗೆ ನಾವು ನಾವೇ ಕೂತು ತಿಂದು ಏಳುತ್ತೇವೆ. ಕ್ಯಾಂಟೀನಿನಲ್ಲಾದರೆ ಅಕ್ಕಪಕ್ಕ ಅಲ್ಲಿ ಓದುವವರೇ ಇರುತ್ತಾರೆ. ಹೆಣ್ಣುಮಕ್ಕಳ ಶೌಚಾಲಯ ಎಲ್ಲಿದೆ ಅನ್ನುವುದನ್ನು ಮಾತ್ರ ಮೊದಲೇ ವಿಚಾರಿಸಿಟ್ಟಿರುತ್ತೇವೆ. ಇಲ್ಲದಿದ್ದರೆ ಅವರು ನೀರೇ ಕುಡಿಯುವುದಿಲ್ಲ.

ಕೊನೆಗೆ ಹಾಸ್ಟೆಲ್. ಹುಡುಗಿಯರನ್ನು ನಮ್ಮ ಶಿಕ್ಷಕಿ ಹಿಂದುಳಿದ ವರ್ಗಗಳ ಬಾಲಕಿಯರ ಹಾಸ್ಟೆಲ್‌ಗೆ ಕರೆದುಕೊಂಡು ಹೋಗುತ್ತಾರೆ. ಕೋರ್ಸಿನ ಮಾತೆಲ್ಲ ಆಮೇಲೆ, ಮನೆಯಲ್ಲಿ ಅಮ್ಮಂದಿರು ಮೊದಲು ಕೇಳುವುದು ರೂಮಿಗೆ ಚಿಲಕ ಇದೆಯಾ, ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರಾ ಅಂತ. ಇನ್ನು ಕೆಲವರದು ಬೇರೆ ಲೆಕ್ಕ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಮಾತೇ ಇಲ್ಲ. ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರ್, ದಿನಾ ಓಡಾಡಿಕೊಂಡೇ ಓದುತ್ತೇನೆ ಅನ್ನುತ್ತಾರೆ. ಅವರಿಗೆ ವಾಪಸ್ ಬರುವಾಗ ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿಕೊಳ್ಳಲು ಹೇಳುತ್ತೇನೆ.

ಮರುದಿನ ತರಗತಿಯಲ್ಲಿ ಕೂತು ಯಾವ ದಾರಿಗೆ ಯಾವ ಕಾಗದ ಬೇಕು ಅಂತ ಬೋರ್ಡಿನ ಮೇಲೆ ಬರೆಯುತ್ತೇವೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮಕ್ಕಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಇದೆ. ಒಂದರಿಂದ ಹತ್ತರವರೆಗೆ ಓದಿದ ದಾಖಲೆ ಬೇಕು. ನಡುವೆ ಶಾಲೆ ಬದಲಾಯಿಸಿದವರು ಹಳೇ ಶಾಲೆಗೆ ಈಗಲೇ ಹೋಗಿ ಬರಲಿ. ಜಾತಿ, ಆದಾಯ ಪ್ರಮಾಣಪತ್ರ ಇಲ್ಲದವರ ಪಟ್ಟಿ ಮಾಡಿ ನಾಡಕಚೇರಿಗೆ ಕಳಿಸುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.