ಮನೆಯವರ ಒಂದು ಮಾತಿಗೆ ಸಿಟ್ಟು ನೆತ್ತಿಗೇರಿದಾಗ ಏನು ಮಾಡಬೇಕು

ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ನಗುನಗುತ್ತಾ ಮಾತಾಡಿದವರು ಮನೆಗೆ ಬಂದ ಕೂಡಲೇ ಹೆಂಡತಿ ಮೇಲೋ, ಗಂಡನ ಮೇಲೋ, ವಯಸ್ಸಾದ ಅಮ್ಮನ ಮೇಲೋ ಹರಿಹಾಯುತ್ತಾರೆ. ಆಮೇಲೆ ಎರಡು ದಿನ ಮುಖ ಗಂಟು. ಪ್ರಾರ್ಥನೆಗೆ ಕೂತರೂ ಮನಸ್ಸು ನಿಲ್ಲುವುದಿಲ್ಲ. ನನ್ನ ನಂಬಿಕೆಯೇ ಸರಿಯಿಲ್ಲವೇನೋ ಅನ್ನಿಸುತ್ತದೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಬೈಬಲಿನಲ್ಲಿ ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿ (4:26) ಸಿಟ್ಟು ಬಂದರೂ ಪಾಪ ಮಾಡಬೇಡಿ ಅಂತಿದೆ. ಅಂದರೆ ಸಿಟ್ಟು ಬರುತ್ತದೆ ಅನ್ನುವುದು ಪೌಲನಿಗೂ ಗೊತ್ತಿತ್ತು. ಅದು ಬಂದ ಮೇಲಿನ ಮೊದಲ ಕೆಲವು ನಿಮಿಷ ನಾವೇನು ಮಾಡುತ್ತೇವೆ, ಅದೇ ಮುಖ್ಯ.

ಇದಕ್ಕೆ 1 ಸಮುವೇಲ 25ನೇ ಅಧ್ಯಾಯಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಕಾಣುವುದಿಲ್ಲ. ಮುಂದೆ ಇಸ್ರಾಯೇಲಿನ ಅರಸನಾಗುವ ದಾವೀದ ಆಗ ಅರಸ ಸೌಲನಿಂದ ತಲೆ ಮರೆಸಿಕೊಂಡಿದ್ದ. ಅವನು ಹತ್ತು ಯುವಕರನ್ನು ನಾಬಾಲ ಅನ್ನುವ ಶ್ರೀಮಂತನ ಹತ್ತಿರ ಕಳಿಸುತ್ತಾನೆ. ನಾಬಾಲನಿಗೆ 3,000 ಕುರಿ, 1,000 ಮೇಕೆ. ಅಡವಿಯಲ್ಲಿ ಅವನ ಕುರುಬರನ್ನು ಕಾಯ್ದದ್ದು ದಾವೀದನ ಜನರೇ. ಈಗ ಉಣ್ಣೆ ಕತ್ತರಿಸುವ ಹಬ್ಬ, ಏನಾದರೂ ಕೊಡಿ ಅಂತ ಕೇಳಿದ್ದಷ್ಟೇ. ನಾಬಾಲ ಏನಂದ ಗೊತ್ತಾ? ದಾವೀದ ಯಾರು? ಈಗೀಗ ಒಡೆಯರನ್ನು ಬಿಟ್ಟು ಓಡಿಹೋಗುವ ಆಳುಗಳು ಜಾಸ್ತಿಯಾಗಿದ್ದಾರೆ ಅಂದ. ಅಷ್ಟಕ್ಕೇ ದಾವೀದ 400 ಜನರಿಗೆ ಕತ್ತಿ ಕಟ್ಟಿಸಿ ಹೊರಟುಬಿಟ್ಟ. ಬೆಳಗಾಗುವುದರೊಳಗೆ ಆ ಮನೆಯಲ್ಲಿ ಒಬ್ಬ ಗಂಡಸೂ ಉಳಿಯಬಾರದು ಅಂತ ಆಣೆ ಬೇರೆ.

ಹಿಂದಿನ ಅಧ್ಯಾಯ ಓದಿ ನೋಡಿ. ತನ್ನನ್ನು ಕೊಲ್ಲಲು ಬಂದ ಸೌಲನೇ ಗುಹೆಯಲ್ಲಿ ಕೈಗೆ ಸಿಕ್ಕಾಗ, ಬಟ್ಟೆಯ ಅಂಚು ಕತ್ತರಿಸಿ ಸುಮ್ಮನೆ ಬಿಟ್ಟುಕಳಿಸಿದವನು ಇದೇ ದಾವೀದ. ಹಾಗಾದರೆ ಇಲ್ಲಿ ಏನಾಯಿತು? ದಾವೀದನನ್ನು ಅಭಿಷೇಕಿಸಿದ್ದ ಪ್ರವಾದಿ ಸಮುವೇಲ ಆಗಷ್ಟೇ ತೀರಿಕೊಂಡಿದ್ದ, ಅಧ್ಯಾಯದ ಮೊದಲ ವಾಕ್ಯವೇ ಅದು. ತಲೆ ಮರೆಸಿಕೊಂಡು ಅಲೆಯುವ ಬದುಕು, ಜೊತೆಗೆ ನೂರಾರು ಜನರ ಹೊಟ್ಟೆಯ ಚಿಂತೆ. ಅದರ ಮೇಲೆ ಓಡಿಹೋದ ಆಳು ಅನ್ನುವ ಮಾತು. ನೇರ ಗಾಯಕ್ಕೇ ತಾಗಿತು ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಮೊದಲು ನಿಮ್ಮ ಗಾಯ ಎಲ್ಲಿದೆ ನೋಡಿಕೊಳ್ಳಿ. "ನಿಮ್ಮಪ್ಪನ ಥರಾನೇ ನೀನು." "ನೀನು ದುಡಿದು ತಂದದ್ದು ಏನು?" "ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡು." ಯಾವ ಮಾತು ಕೇಳಿದರೆ ಮೈ ಉರಿಯುತ್ತದೆ? ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅದನ್ನೇ ಇಟ್ಟುಕೊಂಡು ಪ್ರಾರ್ಥಿಸಿ: ಕರ್ತನೇ, ಈ ಮಾತು ನನ್ನನ್ನು ಯಾಕಿಷ್ಟು ಚುಚ್ಚುತ್ತದೆ? ನಾಳೆ ಮತ್ತೆ ಅದೇ ಮಾತು ಬಂದಾಗ ಕನಿಷ್ಠ ಗುರುತಾದರೂ ಸಿಗುತ್ತದೆ.

ಮಾತು ಬಿದ್ದ ಕ್ಷಣದಲ್ಲಿ ಉದ್ದನೆಯ ಪ್ರಾರ್ಥನೆ ಬರುವುದಿಲ್ಲ, ಅದಕ್ಕೆ ಮೊದಲೇ ಒಂದು ಸಣ್ಣ ಸಾಲು ಬಾಯಿಪಾಠ ಮಾಡಿಟ್ಟುಕೊಳ್ಳಿ. ಕೀರ್ತನೆ 141ರ ಮೂರನೇ ವಚನ ಇದಕ್ಕೆ ಹೇಳಿಸಿದ ಹಾಗಿದೆ, ನನ್ನ ಬಾಯಿಗೆ ಕಾವಲಿಡು ಅನ್ನುವುದು. ಉಸಿರು ಎಳೆದುಕೊಳ್ಳುವಾಗ "ಕರ್ತನೇ", ಬಿಡುವಾಗ "ನನ್ನ ಬಾಯಿಗೆ ಕಾವಲಿಡು". ನಾಲ್ಕೈದು ಸಲ, ನಿಧಾನವಾಗಿ. ನಿಂತಿದ್ದರೆ ಕೂತುಕೊಳ್ಳಿ. ಫೋನ್ ಕೈಯಲ್ಲಿದ್ದರೆ ಕೆಳಗಿಡಿ. ಸಿಟ್ಟಿನಲ್ಲಿ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್ ಇಡೀ ಕುಟುಂಬವನ್ನು ಸುತ್ತಿ ಬರುತ್ತದೆ, ಅಲ್ವಾ?

ಆಮೇಲೆ ಎದ್ದು ಹೊರಗೆ ಹೋಗುವುದಾದರೆ ಹೇಳಿ ಹೋಗಿ. "ಈಗ ನನಗೆ ಸಿಟ್ಟು ಬಂದಿದೆ, ಊಟ ಆದಮೇಲೆ ಮಾತಾಡೋಣ" ಅಂದರೆ ಸಾಕು. ಯಾವಾಗ ಅಂತ ಹೇಳದೆ ಬಾಯಿ ಮುಚ್ಚಿಕೊಂಡು ಕೂತರೆ ಅದು ಶಾಂತಿಯಲ್ಲ, ಎದುರಿನವರಿಗೆ ಅದೂ ಒಂದು ಹೊಡೆತವೇ. ಹೇಳಿದ ಹೊತ್ತಿಗೆ ನೀವೇ ಹೋಗಿ ಮಾತು ಶುರು ಮಾಡಿ.

ಆ ಹೊತ್ತು ಯಾವುದು ಅನ್ನುವುದನ್ನು ನಾಬಾಲನ ಹೆಂಡತಿ ಅಬೀಗೈಲಳಿಂದ ಕಲಿಯಬೇಕು. ರೊಟ್ಟಿ, ದ್ರಾಕ್ಷಾರಸ, ಅಡಿಗೆ ಮಾಡಿದ ಕುರಿ, ಅಂಜೂರದ ಉಂಡೆ ಎಲ್ಲ ಕತ್ತೆಗಳ ಮೇಲೆ ಹೇರಿಕೊಂಡು ದಾವೀದನ ಎದುರು ಬಂದು, ಮುಂದೆ ಅರಸನಾದಾಗ ಈ ರಕ್ತ ನಿನ್ನ ಮನಸ್ಸನ್ನು ಕೊರೆಯದಿರಲಿ ಅಂತ ಬೇಡಿಕೊಂಡು ಅವನನ್ನು ತಡೆದಳು. ಮನೆಗೆ ಬಂದರೆ ಗಂಡ ಕುಡಿದು ಮತ್ತನಾಗಿದ್ದ. ಆ ರಾತ್ರಿ ಒಂದು ಮಾತೂ ಹೇಳಲಿಲ್ಲ. ಬೆಳಿಗ್ಗೆ ಅಮಲು ಇಳಿದ ಮೇಲೆ ಎಲ್ಲ ಹೇಳಿದಳು. ಎದುರಿನವರು ಕುಡಿದಿದ್ದಾಗ, ಹಸಿದಿದ್ದಾಗ, ನಿದ್ದೆಗೆಟ್ಟಾಗ ವಾದಕ್ಕೆ ಇಳಿಯಬೇಡಿ. ನಿಮಗೂ ಇದು ಅನ್ವಯಿಸುತ್ತದೆ. ಸಾಯಬೇಕು ಅಂತ ಮರದ ಕೆಳಗೆ ಬಿದ್ದುಕೊಂಡಿದ್ದ ಪ್ರವಾದಿ ಎಲೀಯನಿಗೆ ದೇವದೂತ ಬುದ್ಧಿವಾದ ಹೇಳಲಿಲ್ಲ, ಎದ್ದು ತಿನ್ನು ಅಂದ (1 ಅರಸುಗಳು 19).

ಮಾತಾಡುವಾಗ "ನೀನು ಯಾವಾಗಲೂ ಹೀಗೇ" ಬೇಡ. ನಡೆದ ಒಂದೇ ಸಂಗತಿ ಹೇಳಿ, ನಿಮಗೆ ಏನನ್ನಿಸಿತು ಹೇಳಿ, ನಿಲ್ಲಿಸಿ. ತಪ್ಪು ನಿಮ್ಮದಿದ್ದರೆ "ಅಮ್ಮನ ಎದುರು ನಿನ್ನನ್ನು ಹಾಗೆ ಅಂದದ್ದು ತಪ್ಪು" ಅಂತ ಸ್ಪಷ್ಟವಾಗಿ ಕ್ಷಮೆ ಕೇಳಿ. "ನೀನು ಹಾಗೆ ಮಾಡಿದ್ದಕ್ಕೇ ನಾನು..." ಅಂತ ಬಾಲ ಸೇರಿಸಬೇಡಿ. ಮಕ್ಕಳ ಹತ್ತಿರವೂ ಕೇಳಿ.

ಇನ್ನೊಂದು ವಿಷಯ, ಕುಟುಂಬ ಪ್ರಾರ್ಥನೆ. "ಕರ್ತನೇ, ಈ ಮನೆಯಲ್ಲಿ ಕೆಲವರಿಗೆ ತಗ್ಗಿಸಿಕೊಳ್ಳುವ ಮನಸ್ಸು ಕೊಡು" ಅಂತ ಅತ್ತೆ ಸೊಸೆಗೆ ಕೇಳಿಸುವ ಹಾಗೆ ಪ್ರಾರ್ಥಿಸುವುದು, ಸೊಸೆ ತನ್ನ ಸರದಿಯಲ್ಲಿ ಅದಕ್ಕೆ ಉತ್ತರ ಕೊಡುವುದು. ದಯವಿಟ್ಟು ಇದನ್ನು ನಿಲ್ಲಿಸಿ. ಹೇಳುವುದಿದ್ದರೆ ನೀವಿಬ್ಬರೇ ಇರುವಾಗ ಹೇಳಿ ಅಂತ ಯೇಸುವೇ ಹೇಳಿದ್ದಾನೆ, ಮತ್ತಾಯ 18:15.

ಕೊನೆಗೆ, ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಮೇಲೆ ಬರೆದದ್ದೆಲ್ಲ ದಿನನಿತ್ಯದ ಜಗಳಕ್ಕೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಉಸಿರು ಹಿಡಿದು ಸಹಿಸಿಕೊಳ್ಳಿ ಅಂತ ಯಾರಾದರೂ ವಚನ ತೋರಿಸಿದರೆ ಒಪ್ಪಬೇಡಿ. ಸೌಲ ಈಟಿ ಎಸೆದಾಗ ದಾವೀದ ತಪ್ಪಿಸಿಕೊಂಡು ಅದೇ ರಾತ್ರಿ ಓಡಿಹೋದ, ಅಲ್ಲೇ ಕೂತು ಇನ್ನೊಂದು ಈಟಿಗೆ ಕಾಯಲಿಲ್ಲ. ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ. ಮಹಿಳೆಯರಿಗೆ 181 ಸಹಾಯವಾಣಿ ಇದೆ, ತುರ್ತಿಗೆ 112. ಪಾಸ್ಟರ್ ಹತ್ತಿರ ಆಮೇಲೆ ಮಾತಾಡಬಹುದು.