ಎಂಜಿನ್ ಕಡೆದ ಐಸ್‌ಕ್ರೀಮು: ಅಯೋವಾಕ್ಕೆ ಹೊಸದಾಗಿ ಬಂದವರಿಗೆ

ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದು ನೆಲೆಸುವ ಕನ್ನಡಿಗರು ಮೊದಲ ವರ್ಷವೇ ಹಳೆಯ ಟ್ರ್ಯಾಕ್ಟರುಗಳ ಮೇಳವೊಂದಕ್ಕೆ ಹೋಗಿಬರಬೇಕೆಂದು ನಾನು ಹೇಳುವುದು ಮುಖ್ಯವಾಗಿ ಐಸ್‌ಕ್ರೀಮಿಗಾಗಿ. ಮೌಂಟ್ ಪ್ಲೆಸೆಂಟ್ ಊರಿನಲ್ಲಿ 1950ರಲ್ಲಿ ಆರಂಭವಾದ ಓಲ್ಡ್ ಥ್ರೆಶರ್ಸ್ ಮೇಳವು ಸೆಪ್ಟೆಂಬರಿನ ಮೊದಲ ಸೋಮವಾರದ ಕಾರ್ಮಿಕ ದಿನಕ್ಕೆ ಹೊಂದಿಕೊಂಡು ನಡೆಯುವುದರಿಂದ ರಜೆ ಹಾಕುವ ಚಿಂತೆಯೂ ಇಲ್ಲ.

ಟ್ರ್ಯಾಕ್ಟರ್ ಐಸ್‌ಕ್ರೀಮ್ ಎಂದು ಕರೆದರೂ ಇಂತಹ ಮೇಳಗಳಲ್ಲಿ ಅದನ್ನು ಕಡೆಯುವುದು ಹೆಚ್ಚಾಗಿ ಟ್ರ್ಯಾಕ್ಟರಲ್ಲ. ಜಾನ್ ಡೀರ್ ಕಂಪನಿಯು 1923ರಿಂದ 1946ರವರೆಗೆ ತಯಾರಿಸಿದ, ಒಂದೂವರೆ ಅಶ್ವಶಕ್ತಿಯ ‘ಇ’ ಮಾದರಿಯಂತಹ ಪುಟ್ಟ ಎಂಜಿನ್. ಒಂದು ಕಾಲದಲ್ಲಿ ಹೊಲಮನೆಗಳಲ್ಲಿ ನೀರೆತ್ತುತ್ತಿದ್ದ ಅದು ಈಗ ಬೆಲ್ಟಿನ ಮೂಲಕ ಮರದ ಬಕೆಟ್ಟಿನೊಳಗಿನ ಡಬ್ಬಿಯನ್ನು ತಿರುಗಿಸುತ್ತದೆ. ಡಬ್ಬಿಯ ಸುತ್ತ ತುಂಬಿದ ಮಂಜುಗಡ್ಡೆಯು ಕಲ್ಲುಪ್ಪು ಸೇರಿದ ಕಾರಣ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೇ ಕರಗತೊಡಗಿ ಹಾಲು-ಕೆನೆಯ ಕಾವನ್ನು ಹೀರಿಕೊಳ್ಳುತ್ತದೆ.

ಈ ಎಂಜಿನ್ನಿನೊಳಗೆ ಇಂಧನ ಎಡೆಬಿಡದೆ ಸಿಡಿಯುವುದಿಲ್ಲ. ವೇಗ ಸಾಕಷ್ಟಿರುವಾಗ ಹೊಗೆಯ ಕವಾಟವು ತೆರೆದೇ ಇದ್ದು ಗಾಲಿಗಳು ಉಸ್ಸುಸ್ಸೆಂದು ಸುಮ್ಮನೆ ಸುತ್ತುತ್ತವೆ. ವೇಗ ಕುಗ್ಗಿದಾಗ ಮಾತ್ರ ‘ಢಬ್’ ಎಂದು ಒಮ್ಮೆ ಸಿಡಿಯುತ್ತದೆ. ಹಾಲು ತೆಳ್ಳಗಿರುವಾಗ ಎರಡು ಢಬ್ಬುಗಳ ನಡುವೆ ಬೇಕಾದಷ್ಟು ಬಿಡುವಿರುತ್ತದೆ. ಗಟ್ಟಿಯಾಗುತ್ತ ಬಂದಂತೆ ಆ ಬಿಡುವು ಕಿರಿದಾಗುತ್ತದೆ. ನಮ್ಮೂರಿನ ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿದೊಡನೆ ಸದ್ದು ಭಾರವಾಗುತ್ತಿದ್ದುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸದ್ದು ಒತ್ತೊತ್ತಾದೊಡನೆ ಸಾಲಿನಲ್ಲಿ ನಿಂತುಬಿಡಿ, ಆದರೆ ಮಕ್ಕಳನ್ನು ಬೆಲ್ಟಿನ ಬಳಿ ಬಿಡಬೇಡಿ.

ಮೊಟ್ಟೆ ತಿನ್ನದವರು ‘ಇದು ಸಸ್ಯಾಹಾರವೇ’ ಎಂದು ಕೇಳಿ ಪ್ರಯೋಜನವಿಲ್ಲ. ಇಲ್ಲಿನವರ ಲೆಕ್ಕದಲ್ಲಿ ಮೊಟ್ಟೆಯೂ ಸಸ್ಯಾಹಾರವೇ. ನಾನು ಮೊದಲ ವರ್ಷ ಹಾಗೆಯೇ ಕೇಳಿ, ಹೌದೆಂಬ ಉತ್ತರ ಪಡೆದು, ಅರ್ಧ ಬಟ್ಟಲು ಮುಗಿಸಿದ ಮೇಲೆ ಮೇಜಿನ ಕೆಳಗಿದ್ದ ಖಾಲಿ ಮೊಟ್ಟೆಯ ಟ್ರೇಗಳನ್ನು ಕಂಡೆ. ‘ಮೊಟ್ಟೆ ಹಾಕಿದ್ದೀರಾ’ ಎಂದೇ ನೇರವಾಗಿ ವಿಚಾರಿಸಿ.

ಮನೆಯಲ್ಲಿ ಮಾಡುವ ಆಸೆಯಾದರೆ ಕೈಯಿಂದ ತಿರುಗಿಸುವ ಬಕೆಟ್ಟೇ ಸಾಕು. ಕಡೆಯುವಾಗ ಮಿಶ್ರಣವು ಉಬ್ಬುವುದರಿಂದ ಡಬ್ಬಿಯನ್ನು ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿಸಿ, ಆರು ಬಟ್ಟಲು ಮಂಜುಗಡ್ಡೆಗೆ ಒಂದು ಬಟ್ಟಲು ಕಲ್ಲುಪ್ಪಿನಂತೆ ಹಾಕುತ್ತ ಬನ್ನಿ. ಬಕೆಟ್ಟಿನ ಪಕ್ಕದ ರಂಧ್ರ ಕಟ್ಟಿಕೊಂಡರೆ ಉಪ್ಪುನೀರು ಮೇಲೇರಿ ಡಬ್ಬಿಯೊಳಗೆ ಇಳಿಯುತ್ತದೆ. ಆ ಮೇಲೆ ಅದನ್ನು ಯಾರೂ ತಿನ್ನಲಾರರು. ಉಳಿದ ಉಪ್ಪುನೀರನ್ನು ಹುಲ್ಲಿನ ಮೇಲಂತೂ ಚೆಲ್ಲಬೇಡಿ, ಹುಲ್ಲು ಸುಟ್ಟುಹೋಗುತ್ತದೆ. ಬಾಡಿಗೆ ಮನೆಯಾದರೆ ಠೇವಣಿಯಲ್ಲಿ ಹಣ ಮುರಿದುಕೊಂಡಾರು.