ಡಾಕ್ಟರೂ ಅಲ್ಲ, ನರ್ಸೂ ಅಲ್ಲ: ರೇಡಿಯೋಥೆರಪಿ ಯಂತ್ರದ ಪಕ್ಕದ ಕೆಲಸ

ಮುಂಬೈಯ ಒಂದು ಆಸ್ಪತ್ರೆಯಲ್ಲಿ ನಾನು ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ಕ್ಯಾನ್ಸರ್ ರೋಗಿಗಳಿಗೆ ‘ಕರೆಂಟ್ ಕೊಡೋದು’ ಅಂತಾರಲ್ಲ, ಅಂದರೆ ವಿಕಿರಣದ ಚಿಕಿತ್ಸೆ, ಅದೇ ಕೆಲಸ. ಊರಿಗೆ ಹೋದರೆ “ಡಾಕ್ಟರಾ?” ಅಂತ ಕೇಳುತ್ತಾರೆ. ಅಲ್ಲ ಅಂದರೆ, “ಹಾಗಾದ್ರೆ ಕಾಂಪೌಂಡರಾ?”

ಹನ್ನೆರಡನೇ ಕ್ಲಾಸಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿದ್ದೆ. ನೀಟ್ ಅಂಕಕ್ಕೆ ಸರ್ಕಾರಿ ಸೀಟು ಸಿಗುವಂತಿರಲಿಲ್ಲ. ಖಾಸಗಿ ಕಾಲೇಜಿನ ಫೀಸು, ಮಾಟುಂಗದ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವ ಅಪ್ಪನಿಗೆ ಎಟುಕುವ ಮಾತಲ್ಲ. ಅಲ್ಲಿಗೆ ತಿಂಡಿಗೆ ಬರುತ್ತಿದ್ದ ಎಕ್ಸ್‌ರೇ ಟೆಕ್ನಿಷಿಯನ್ ಒಬ್ಬರು ಈ ಕೋರ್ಸಿನ ಸುದ್ದಿ ಹೇಳಿದರು. ಸೇರುವ ಮೊದಲು ಎರಡೇ ವಿಷಯ ಕೇಳಿಕೊಂಡೆ. ಕಾಲೇಜಿನ ಆಸ್ಪತ್ರೆಯಲ್ಲೇ ಲೀನಿಯರ್ ಆಕ್ಸಿಲರೇಟರ್, ಅಂದರೆ ಈ ವಿಕಿರಣ ಕೊಡುವ ಯಂತ್ರ, ಇದೆಯಾ? ಈ ಪದವಿಗೆ ಅಣುಶಕ್ತಿನಗರದ ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಒಪ್ಪುತ್ತದಾ? ಕೆಲವು ಕಡೆ ಯಂತ್ರವನ್ನು ಪುಸ್ತಕದಲ್ಲಷ್ಟೇ ತೋರಿಸುತ್ತಾರೆ. ಅಂಥಲ್ಲಿ ಓದಿ ಏನು ಪ್ರಯೋಜನ?

ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಯಂತ್ರದ ಪರೀಕ್ಷೆ ಮುಗಿದಿರಬೇಕು. ಆಮೇಲೆ ಶುರು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರ ಚಿಕಿತ್ಸೆ. ತಲೆ ಅಲ್ಲಾಡಬಾರದಲ್ಲ, ಅದಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಮಾಸ್ಕ್ ಮಾಡುತ್ತೇವೆ. ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಮೂರನೇ ವಾರಕ್ಕೆ ಬಾಯಿ ಹುಣ್ಣಾಗಿ ಊಟ ಸೇರದೆ ರೋಗಿ ಇಳಿದುಹೋಗಿರುತ್ತಾರೆ, ಮಾಸ್ಕ್ ಸಡಿಲಾಗುತ್ತದೆ. ಡಾಕ್ಟರ್ ನೋಡುವುದು ಹೆಚ್ಚಾಗಿ ವಾರಕ್ಕೊಮ್ಮೆ, ನಾವು ನೋಡುವುದು ದಿನವೂ. ಹಾಗಾಗಿ ಇದು ಮೊದಲು ಕಾಣುವುದು ನಮ್ಮ ಕಣ್ಣಿಗೆ. ಹೇಳಿದರೆ ಮತ್ತೆ ಸ್ಕ್ಯಾನ್, ಬೇಕಾದರೆ ಹೊಸ ಮಾಸ್ಕ್, ಹೊಸ ಪ್ಲಾನ್. ಸುಮ್ನೆ ಬಟನ್ ಒತ್ತುವ ಕೆಲಸ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಪರೇಲಿನಲ್ಲಿ ಟಾಟಾ ಮೆಮೋರಿಯಲ್ 1941ರಲ್ಲೇ ಶುರುವಾಯಿತು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಕ್ಯಾನ್ಸರ್ ಅಂದರೆ ಮುಂಬೈ ರೈಲು ಹತ್ತುವುದೇ. ನಮ್ಮಲ್ಲಿಗೂ ವಿಜಯಪುರ, ಕಲಬುರಗಿ ಕಡೆಯವರು ಬರುತ್ತಾರೆ. ದಪ್ಪ ಗೋಡೆಯ ಕೋಣೆಯಲ್ಲಿ ಅವರನ್ನು ಒಬ್ಬರನ್ನೇ ಬಿಟ್ಟು ಹೊರಗೆ ಬರಬೇಕು. ಮೈಕಿನಲ್ಲಿ “ಅಲ್ಲಾಡಬ್ಯಾಡ್ರಿ, ಮುಗೀತು” ಅಂತ ಕೇಳಿಸಿದರೆ ಬಿಗಿ ಹಿಡಿದ ಭುಜ ಇಳಿಯುವುದು ಕ್ಯಾಮೆರಾದಲ್ಲೇ ಕಾಣುತ್ತದೆ.

ಮದುವೆ ಮಾತುಕತೆಯಲ್ಲಿ ಒಬ್ಬರು ವಿಕಿರಣದ ಭಯ ಎತ್ತಿದ್ದರು. ಲೀನಿಯರ್ ಆಕ್ಸಿಲರೇಟರಿನಲ್ಲಿ ಬೀಮ್ ನಿಂತರೆ ಎಕ್ಸ್‌ರೇ ಹೊರಡುವುದೂ ನಿಲ್ಲುತ್ತದೆ. ಎದೆಯ ಮೇಲೆ ನಮಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಮೂರು ತಿಂಗಳಿಗೊಮ್ಮೆ ಅದರ ಲೆಕ್ಕ ಬರುತ್ತದೆ. ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ). ನನ್ನದು ಅದರ ಹತ್ತಿರಕ್ಕೂ ಹೋಗಿಲ್ಲ. ಬ್ಯಾಡ್ಜ್ ಲೆಕ್ಕ ತೋರಿಸಿದ ಮೇಲೆ ಅವರು ಹೇಳಿದ್ದು, “ಸಂಬಳ ಎಷ್ಟು?”

ಅದು ಸರಿಯಾದ ಪ್ರಶ್ನೆ. ಖಾಸಗಿಯಲ್ಲಿ ಶುರುವಿನ ಸಂಬಳ ಕಡಿಮೆ, ನಿಂತೇ ಇರುವ ಕೆಲಸ ಜಾಸ್ತಿ. ಸರ್ಕಾರಿ ಹುದ್ದೆಗೆ ಕಾಯಬೇಕು.

ಯಂತ್ರಕ್ಕಿಂತ ಲೆಕ್ಕ ಇಷ್ಟ ಅನ್ನುವವರು ಎಂಎಸ್‌ಸಿ ಫಿಸಿಕ್ಸ್ ಮಾಡಿ, ಬಿಎಆರ್‌ಸಿಯ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಹಿಡಿದು, ಚಿಕಿತ್ಸೆಯ ವಿಕಿರಣದ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಆಗಬಹುದು. ಡಾಕ್ಟರ್ ಆಗದೆ ಆಸ್ಪತ್ರೆ ಸೇರುವ ಬೇರೆ ದಾರಿಗಳೂ ಇವೆ. ಕಿವಿ ಕೇಳದ, ಮಾತು ಬಾರದ ತೊಂದರೆಗಳ ಚಿಕಿತ್ಸೆ ಕಲಿಯಲು ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ. ಕೃತಕ ಕೈಕಾಲು ಮಾಡುವುದಕ್ಕೆ ಹಾಜಿ ಅಲಿಯ ಪುನರ್ವಸತಿ ಸಂಸ್ಥೆ. ಅರ್ಜಿ ಹಾಕುವ ಮುಂಚೆ ಆ ವಿಭಾಗದಲ್ಲಿ ಕೆಲಸ ಮಾಡುವವರೊಬ್ಬರ ಜೊತೆ ಚಹಾ ಕುಡಿಯಿರಿ. ಬಿಡುವು ಅಂದರೆ ಊಟದ ಹೊತ್ತೇ, ಆಗ ಹೋಗಿ.